ದೊಡ್ಡ ತಂಬೂರಿಗೆ ಅರ ಹಚ್ಚಿದ ವಾರ

ಸೋಮವಾರ ಬೆಳಿಗ್ಗೆ ನಾನು ಕೆಲಸಕ್ಕಿದ್ದ ವಾದ್ಯ ದುರಸ್ತಿಯ ಅಂಗಡಿಯ ಬಾಗಿಲು ತೆಗೆದಿದ್ದೆ, ಕಸ ಇನ್ನೂ ಹೊಡೆದಿರಲಿಲ್ಲ. ಎದುರಿಗೆ ಒಂದು ಟಾಂಗಾ ಬಂದು ನಿಂತಿತು. ಅದರಿಂದ ಮೊದಲು ಇಳಿದದ್ದು ಕಂಬಳಿ ಸುತ್ತಿದ ಎರಡು ತಂಬೂರಿ, ಆಮೇಲೆ ನಮ್ಮ ಕನ್ನಡ ಮಂದಿಯ ಸಂಗೀತ ಮಂಡಳಿಯ ಕಾರ್ಯದರ್ಶಿಗಳು. ಧಾರವಾಡದ ಮನುಷ್ಯ, ಖಡಕಿಯ ಮದ್ದಿನ ಕಾರ್ಖಾನೆಯಲ್ಲಿ ಗುಮಾಸ್ತಗಿರಿ. ಮಾತು ಶುರು ಮಾಡಿದರೆ ಮುಂದಿಟ್ಟ ಚಹಾ ಆರಿದರೂ ನಿಲ್ಲಿಸುವವರಲ್ಲ. ಅವತ್ತು ಮಾತ್ರ ಒಂದೇ ಮಾತು ಹೇಳಿ ನನ್ನ ಮುಖ ನೋಡುತ್ತ ನಿಂತರು.

"ಅಕ್ಕಾರು ಹಾಡತೀನಿ ಅಂದಾರ."

ನನ್ನ ಕೈಯಲ್ಲಿದ್ದ ಕಸಬರಿಗೆ ಅಲ್ಲೇ ನಿಂತಿತು. ಪುಣೆಯಲ್ಲಿದ್ದ ನಮ್ಮ ಕಡೆಯ ಮಂದಿಗೆಲ್ಲ ಅಕ್ಕಾರು ಅಂದರೆ ಒಬ್ಬರೇ. ಧಾರವಾಡದಿಂದ ಬಂದು ಸದಾಶಿವ ಪೇಠೆಯ ಒಂದು ವಾಡೆಯಲ್ಲಿ ತಮ್ಮನ ಮಗನ ಸಂಸಾರದ ಜೊತೆ ಇದ್ದರು. ಅರವತ್ತು ದಾಟಿತ್ತು. ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷ ಮಂದಿಯ ಮುಂದೆ ಕೂತು ಹಾಡಿರಲಿಲ್ಲ. ಯಾರು ಎಷ್ಟು ಕೈಮುಗಿದರೂ, ಬ್ಯಾಡ್ರೆಪಾ ಅಂತ ಹೇಳಿ ಅವಲಕ್ಕಿ ಕೊಟ್ಟು ಕಳಿಸುತ್ತಿದ್ದರು. ಈಗ ಬರುವ ರವಿವಾರ ಬೆಳಿಗ್ಗೆ ಒಂಬತ್ತಕ್ಕೆ, ನಮ್ಮ ಮಂದಿಯ ವಾಚನಾಲಯದ ಮೇಲಿನ ಮಾಳಿಗೆಯಲ್ಲಿ ಹಾಡುವುದಕ್ಕೆ ಒಪ್ಪಿದ್ದರು. ತಮ್ಮ ಜೋಡಿ ತಂಬೂರಿಯೇ ಬೇಕು, ಬೇರೆಯದರ ಮೇಲೆ ಹಾಡುವುದಿಲ್ಲ ಅನ್ನುವುದೊಂದೇ ಅವರ ಕರಾರು.

ತಂಬೂರಿಗಳು ಒಂಬತ್ತು ವರ್ಷ ಗೋಡೆಗೆ ಆತುಕೊಂಡಿದ್ದವು. ತಂತಿಗೆ ತುಕ್ಕು ಹಿಡಿದಿತ್ತು. ತಂತಿ ಬದಲಿಸು, ದಾರ ಬದಲಿಸು, ತಂತಿ ಬಿಗಿಯುವ ಬಿರಡೆಗೆ ಸೀಮೆಸುಣ್ಣ ಹಚ್ಚು, ಇಷ್ಟು ಅಕ್ಕಾರ ಅಪ್ಪಣೆ. ಕಾರ್ಯದರ್ಶಿಗಳು ಟಾಂಗಾ ಹತ್ತಿದವರು ಮತ್ತೆ ಇಳಿದು ಬಂದು ಹೇಳಿದರು: "ಘೋಡಿಗೆ ಕೈ ಹಚ್ಚಬ್ಯಾಡ ಅಂತ ಎರಡ ಸಲ ಹೇಳಿ ಕಳಿಸ್ಯಾರ ಮತ್ತ."

ಘೋಡಿ ಅಂದರೆ ತಂಬೂರಿಯ ಹೊಟ್ಟೆಯ ಮೇಲೆ ನಾಲ್ಕು ತಂತಿಗಳನ್ನೂ ಹೊತ್ತು ನಿಲ್ಲುವ ಸಣ್ಣ ಮಣೆ. ಅಕ್ಕಾರ ತಂಬೂರಿಗೆ ಇದ್ದದ್ದು ಸಾರಂಗದ ಕೊಂಬಿನ ಘೋಡಿ. ಅದರ ಬೆನ್ನು ಚಪ್ಪಟೆ ಇರುವುದಿಲ್ಲ, ಕಣ್ಣಿಗೆ ಕಾಣದಷ್ಟು ಡುಬ್ಬ ಇರುತ್ತದೆ. ತಂತಿ ಆ ಡುಬ್ಬಕ್ಕೆ ಸವರಿಕೊಂಡು ನಡುಗುವುದರಿಂದಲೇ ತಂಬೂರಿಗೆ ಆ ಝೇಂಕಾರ. ಡುಬ್ಬ ಹೆಚ್ಚಿದ್ದರೆ ನಾದ ದುಂಡಗೆ, ಮೆತ್ತಗೆ ಇರುತ್ತದೆ. ಚಪ್ಪಟೆ ಮಾಡಿದಷ್ಟೂ ತೆರೆದುಕೊಂಡು ಜೋರಾಗುತ್ತದೆ. ಒಂದು ಕೂದಲೆಳೆಯಷ್ಟು ಅರ ಹೆಚ್ಚು ಓಡಿದರೆ ಅದು ಬೇರೆ ತಂಬೂರಿ. ಆ ಎರಡು ಘೋಡಿಗಳನ್ನು ಮಾಡಿದವರು ಮಿರಜಿನ ನನ್ನ ಉಸ್ತಾದರೇ. ಅಡಿಯಲ್ಲಿ ಅವರು ಹಾಕುತ್ತಿದ್ದ ಸಣ್ಣ ಗೀರು ನೋಡಿ ಗುರುತು ಹಿಡಿದೆ. ನಾನು ಅವರ ಹತ್ತಿರ ಕಲಿಯಲು ಸೇರುವ ಎಷ್ಟೋ ವರ್ಷ ಮೊದಲು, ಅಕ್ಕಾರನ್ನು ಎದುರಿಗೆ ಕೂಡಿಸಿಕೊಂಡು, ಹಾಡಿಸಿ, ಸವರಿ, ಮತ್ತೆ ಹಾಡಿಸಿ, ಆ ಕಂಠಕ್ಕೆ ಅಳತೆ ಮಾಡಿ ಇಟ್ಟ ಘೋಡಿ ಅವು. ಆಯ್ತ್ರಿ ಅಂದೆ. ಅನ್ನುವಾಗ ಮನಸ್ಸಿನಿಂದಲೇ ಅಂದಿದ್ದೆ.

ಅದೇ ದಿನ ಮಧ್ಯಾಹ್ನ ನಮ್ಮ ಅಂಗಡಿಯ ಸೇಠ ಇನ್ನೊಂದು ಕೆಲಸ ತಂದ. ದಂಡಿನವರ ಕ್ಯಾಂಪಿನ ಕ್ಲಬ್ಬಿನಲ್ಲಿ ಶನಿವಾರ ನಾಲ್ಕು ಗಂಟೆಗೆ ಜಾಝ್ ಕಚೇರಿ. ಯುದ್ಧದ ಕಾಲ. ಖಡಕಿಯ ಮಿಲಿಟರಿ ಆಸ್ಪತ್ರೆಯಲ್ಲಿ ಕೈಕಾಲು ಮುರಿದು ಬಿದ್ದಿದ್ದ ಸೋಲ್ಜರುಗಳಿಗಾಗಿ ಮುಂಬಯಿಯಿಂದ ಗೋವೆಯವರ ಬ್ಯಾಂಡು ಬರುವುದಿತ್ತು. ಕ್ಲಬ್ಬಿನ ಪಿಯಾನೊ ಎರಡು ಮಳೆಗಾಲ ಯಾರೂ ಮುಟ್ಟದೆ ಕೆಟ್ಟು ಕೂತಿತ್ತು. ಮೊದಲು ಆ ಕೆಲಸ ಮಾಡುತ್ತಿದ್ದ ಮುದುಕ ಟ್ಯೂನರ್ ಗೋವೆಗೆ ಹೋಗಿಬಿಟ್ಟಿದ್ದ. ಅವನ ಕೈಕೆಳಗೆ ಮೂರು ವರ್ಷ ನೋಡಿ ಕಲಿತವನು ನಾನೊಬ್ಬನೇ. ಇಡೀ ಪಿಯಾನೊ ಒಬ್ಬನೇ ಮಾಡುವುದು ಅದೇ ಮೊದಲು. ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಮಂಗಳವಾರ ಹೋಗಿ ಮುಚ್ಚಳ ತೆಗೆದೆ. ಒಳಗಿನ ಉಣ್ಣೆಯ ಫೆಲ್ಟಿಗೆ ಹುಳ ಬಿದ್ದಿತ್ತು, ಥಂಡಿಗೆ ಉಬ್ಬಿದ ಕೀಲಿಗಳು ಒತ್ತಿದರೆ ಮೇಲೇಳುತ್ತಿರಲಿಲ್ಲ. ಅದು ಸಣ್ಣ ಮಾತು. ದೊಡ್ಡದೆಂದರೆ ಇಡೀ ಪಿಯಾನೊದ ಶ್ರುತಿ ಅರ್ಧ ಸ್ವರ ಇಳಿದುಹೋಗಿತ್ತು. ಹಾಡುವವರಿದ್ದರೆ ಇಳಿದ ಶ್ರುತಿಗೆ ಇಳಿದು ಹಾಡುತ್ತಾರೆ. ಟ್ರಂಪೆಟ್ಟು, ಸ್ಯಾಕ್ಸೊಫೋನು ಹಾಗಲ್ಲ, ಅವು ಅಷ್ಟು ಕೆಳಗೆ ಇಳಿಯುವುದಿಲ್ಲ. ಪಿಯಾನೊವನ್ನೇ ಮೇಲಕ್ಕೆ ಎಳೆಯಬೇಕು. ಒಂದೊಂದು ಸ್ವರಕ್ಕೆ ಮೂರು ಮೂರು ತಂತಿ. ಎರಡರ ನಡುವೆ ಫೆಲ್ಟಿನ ತುಂಡು ತುರುಕಿ ಬಾಯಿ ಮುಚ್ಚಿಸಿ, ಒಂದನ್ನು ಎಳೆದು, ಅದಕ್ಕೆ ಉಳಿದೆರಡನ್ನು ಕೂಡಿಸಬೇಕು. ಒಂದೇ ಸಲ ಎಳೆದರೆ ಹಳೆಯ ತಂತಿ ಹರಿಯುತ್ತದೆ, ಹರಿದರೆ ಯುದ್ಧದಲ್ಲಿ ಹೊಸ ತಂತಿ ಎಲ್ಲಿಂದ ಬರಬೇಕು? ಅದಕ್ಕೇ ಮಂಗಳವಾರ ಒಂದು ಸುತ್ತು, ಗುರುವಾರ ಒಂದು, ಶುಕ್ರವಾರ ಕೊನೆಯದು ಅಂತ ಗೊತ್ತು ಮಾಡಿಕೊಂಡೆ. ತಂಬೂರಿಗೆ ಉಳಿದದ್ದು ಬುಧವಾರ ಒಂದೇ.

ಮಂಗಳವಾರ ಸಂಜೆ ಬ್ಯಾಂಡಿನ ಪಿಯಾನೊದವನು ಮುಂಗಡವಾಗಿ ಬಂದು ನೋಡಿದ. ತೆಳ್ಳಗಿನ ಗೋವೆಯ ಮನುಷ್ಯ, ಅವನದು ಕೊಂಕಣಿ, ನನ್ನದು ಮರಾಠಿ, ಮಾತು ಹೇಗೋ ನಡೆಯಿತು. ಸ್ವರ ಸರಿಹೋದೀತು, ಆದರೆ ನಾದ ಸಪ್ಪೆ, ಹಿಂದಿನ ಬೆಂಚಿನ ಸೋಲ್ಜರಿಗೆ ಮುಟ್ಟುವುದಿಲ್ಲ ಅಂದ. ತಂತಿಗೆ ಬಡಿಯುವ ಸುತ್ತಿಗೆಗಳ ಮುಖದ ಫೆಲ್ಟು ಮೆತ್ತಗಾಗಿತ್ತು. ಮುದುಕ ಕಲಿಸಿದ ಉಪಾಯ ಮಾಡಿದೆ. ಪಾಲಿಶ್ ಕಾಗದದ ಪಟ್ಟಿಯಿಂದ ಒಂದೊಂದೇ ಸುತ್ತಿಗೆಯ ಮುಖ ಸವರಿ, ಒಳಗಿನ ಗಟ್ಟಿ ಫೆಲ್ಟನ್ನು ಹೊರಗೆ ತಂದೆ. ಪಿಯಾನೊ ಒಮ್ಮೆಲೆ ಕಣ್ಣು ಬಿಟ್ಟಂತಾಯಿತು. ಅವನು ಎದ್ದು ನಿಂತು ನನ್ನ ಕೈ ಕುಲುಕಿದ. ನಿನ್ನ ಕೈ ಭಾರೀ ಕೈ ಅಂದ. ಆ ಮಾತು ತಲೆಗೇರಿತು, ಮರುದಿನ ಇಳಿದೇ ಇರಲಿಲ್ಲ.

ಬುಧವಾರ ತಂಬೂರಿಗಳಿಗೆ ಕೂತೆ. ತಂತಿಯ ಬರ ಅಂತ ಹೇಳಿದೆನಲ್ಲ, ಯುದ್ಧಕ್ಕೆ ಮೊದಲು ಬರುತ್ತಿದ್ದ ಜರ್ಮನಿಯ ಉಕ್ಕಿನ ತಂತಿ ಒಂದು ತಂಬೂರಿಗಾಗುವಷ್ಟು ಮಾತ್ರ ಉಳಿದಿತ್ತು. ಅದನ್ನು ಸಣ್ಣ ತಂಬೂರಿಗೆ ಹಾಕಿದೆ. ದೊಡ್ಡದಕ್ಕೆ ಪೇಟೆಯಲ್ಲಿ ಸಿಕ್ಕಿದ ತಂತಿ, ಅದು ಒಂದು ಎಳೆ ದಪ್ಪ. ಏರಿಸಿ, ಶ್ರುತಿ ಮಾಡಿ, ಘೋಡಿಯ ಮೇಲೆ ತಂತಿಯ ಕೆಳಗೆ ಝೇಂಕಾರ ಬಿಡಿಸುವ ದಾರ ಸಿಗಿಸಿ ಮೀಟಿದೆ. ಗಂಟಲು ಕಟ್ಟಿದವರು ಮಾತಾಡಿದ ಹಾಗೆ ಬಂತು.

ಇದಕ್ಕೆ ಉಸ್ತಾದರ ನಿಯಮ ಒಂದಿತ್ತು. ಹೊಸ ತಂತಿ ಎರಡು ದಿನ ಕೂತು ಎಳೆದುಕೊಳ್ಳಬೇಕು, ಅಲ್ಲಿಯವರೆಗೆ ನಾದದ ಬಗ್ಗೆ ಏನೂ ತೀರ್ಪು ಕೊಡಬಾರದು. ಕಿವಿಗೆ ಸೇರದಿದ್ದರೆ ದಾರ ಹಿಂದೆ ಮುಂದೆ ಸರಿಸಿ ನೋಡು, ಅರ ಮುಟ್ಟಬೇಡ. ನಾನು ಮಿರಜಿನಲ್ಲಿದ್ದಷ್ಟು ವರ್ಷ ಇದನ್ನು ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ. ಆದರೆ ಗುರುವಾರ, ಶುಕ್ರವಾರ ಎರಡೂ ಕ್ಲಬ್ಬಿಗೆ ಹೋಗಿದ್ದವು. ಶುಕ್ರವಾರ ಸಂಜೆಯೊಳಗೆ ತಂಬೂರಿ ಅಕ್ಕಾರ ಮನೆ ಮುಟ್ಟಬೇಕು. ಮತ್ತೆ ತಲೆಯಲ್ಲಿ ಆ ಪಿಯಾನೊ. ಸವರಿದರೆ ನಾದ ತೆರೆದುಕೊಳ್ಳುತ್ತದೆ, ಹಿಂದಿನ ಸಾಲಿಗೂ ಮುಟ್ಟುತ್ತದೆ. ಮಾಳಿಗೆ ದೊಡ್ಡದು, ಮಂದಿ ಬಹಳ ಬರುತ್ತಾರೆ, ಅಕ್ಕಾರಿಗೆ ವಯಸ್ಸಾಗಿದೆ, ತಂಬೂರಿ ಸ್ವಲ್ಪ ಜೋರಾಗಿದ್ದರೆ ಅವರಿಗೇ ಅನುಕೂಲ. ಕೇಳಿರಿ, ಹೇಗೆ ಹೇಗೆ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ! ಬೇಡ ಅಂತ ಎರಡು ಸಲ ಹೇಳಿಕಳಿಸಿದ ಕೆಲಸವನ್ನು ಅವರ ಉಪಕಾರಕ್ಕೇ ಮಾಡುತ್ತಿದ್ದೇನೆ ಅಂತ ನಂಬಿದೆ.

ತಂತಿ ಸಡಿಲಿಸಿದೆ. ಬದಿಗೆ ಸರಿಸಿ ಘೋಡಿಯ ಮೇಲೆ ಬಗ್ಗಿ ನೋಡಿದೆ. ಹಳೆಯ ತಂತಿಗಳು ಸವರಿದ ಕಡೆ ನಾಲ್ಕು ಹೊಳೆಯುವ ಗೆರೆಗಳಿದ್ದವು, ಉಗುರಿನಷ್ಟು ಉದ್ದ. ಉಸ್ತಾದರ ಕೈಯ ಬರಹ ಅದು. ಅದರ ಮೇಲೆ ಸಣ್ಣ ಅರ ಇಟ್ಟು ಓಡಿಸಿದೆ. ನಾಲ್ಕು ಸಲ, ತಂತಿ ಬಿಗಿದು ನೋಡಿದೆ. ಮತ್ತೆ ನಾಲ್ಕು ಸಲ. ಮೂರನೇ ಸರ್ತಿಗೆ ತಂಬೂರಿ ಘಂಟೆಯಂತೆ ಝಂ ಅಂತು. ಒಳಗಿನ ಕೋಣೆಯಿಂದ ಸೇಠ ಎದ್ದು ಬಂದು ಶಹಬ್ಬಾಸ್ ಅಂದ. ನಾನು ನಕ್ಕೆ.

ಗುರುವಾರವೆಲ್ಲ ಪಿಯಾನೊ. ಶುಕ್ರವಾರ ಮಧ್ಯಾಹ್ನ ಕ್ಲಬ್ಬಿನಿಂದ ಬಂದು, ಕಂಬಳಿ ಸುತ್ತುವ ಮೊದಲು ಒಮ್ಮೆ ಕೇಳೋಣ ಅಂತ ದೊಡ್ಡ ತಂಬೂರಿ ಮೀಟಿದೆ. ಎರಡು ದಿನ ಕೂತ ತಂತಿ ಎಳೆದುಕೊಂಡು ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತ್ತು. ಅದರ ಮೇಲೆ ನನ್ನ ಅರದ ತೆರವು ಬೇರೆ. ತಗಡಿನ ಡಬ್ಬಿ ಅಲ್ಲಾಡಿಸಿದಂತೆ ಕರಕರ ಅನ್ನುತ್ತಿತ್ತು. ಷಡ್ಜ ಎಲ್ಲಿದೆ ಅಂತ ಹುಡುಕಬೇಕು, ಅಷ್ಟು ಮುಳ್ಳು ಅದರ ಸುತ್ತ. ಸುಮ್ಮನಿದ್ದಿದ್ದರೆ, ಅರ ಮುಟ್ಟದೆ ಇದ್ದಿದ್ದರೆ, ಅವತ್ತು ಅದು ತಾನಾಗಿಯೇ ಸರಿಹೋಗಿರುತ್ತಿತ್ತು.

ತೆರೆದ ನಾದವನ್ನು ಮತ್ತೆ ಮುಚ್ಚಲು ನೋಡಿದೆ. ಘೋಡಿಯ ಎರಡೂ ಅಂಚು ಸವರಿ ಮತ್ತೆ ಡುಬ್ಬ ಮಾಡಬೇಕು. ಅಂಚು ಇಳಿಸಿದರೆ ಎತ್ತರ ಇಳಿಯುತ್ತದೆ, ಎತ್ತರ ಇಳಿದರೆ ತಂತಿ ಇನ್ನೊಂದು ಕಡೆ ತಾಗುತ್ತದೆ. ಒಂದು ತಂತಿ ಸುಧಾರಿಸಿತು, ಉಳಿದ ಮೂರು ಇನ್ನೂ ಕೆಟ್ಟವು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಕೊಂಬೂ ಅಷ್ಟೇ, ಸವೆದದ್ದನ್ನು ಮತ್ತೆ ಹಚ್ಚಲು ಬರುವುದಿಲ್ಲ. ದಾರ ಸರಿಸಿ ಸರಿಸಿ, ಕರಕರ ಸ್ವಲ್ಪ ಅಡಗುವ ಒಂದು ಜಾಗ ಹುಡುಕಿ, ಕಂಬಳಿ ಸುತ್ತಿದೆ. ಅಕ್ಕಾರ ಮನೆಗೆ ಒಯ್ದು ಅವರ ಸೊಸೆಯ ಕೈಗೆ ಕೊಟ್ಟು, ಹೊಸ ತಂತಿ, ಕೂಡೂದಕ್ಕ ಹೊತ್ತು ಬೇಕ್ರಿ ಅಂತ ಹೇಳಿ, ಅಕ್ಕಾರು ಹೊರಗೆ ಬರುವ ಮೊದಲೇ ಮೆಟ್ಟಿಲು ಇಳಿದೆ.

ಶನಿವಾರ ಬೆಳಿಗ್ಗೆಯೇ ಕರೆ ಬಂತು. ಹೋದಾಗ ಅಕ್ಕಾರು ಜಮಖಾನೆಯ ಮೇಲೆ ಎರಡೂ ತಂಬೂರಿ ಮುಂದಿಟ್ಟುಕೊಂಡು ಕೂತಿದ್ದರು. ಒಂದು ತಾಸಿನಿಂದ ಶ್ರುತಿ ಮಾಡುತ್ತಿದ್ದರಂತೆ. ಸಣ್ಣದು ಮೀಟುವರು, ಕಣ್ಣು ಮುಚ್ಚುವರು, ದೊಡ್ಡದು ಮೀಟುವರು, ಹುಬ್ಬು ಗಂಟಿಕ್ಕುವರು. ಬಿರಡೆ ತಿರುವುವರು, ತಂತಿಗೆ ಪೋಣಿಸಿದ ಶ್ರುತಿಯ ಮಣಿ ಸರಿಸುವರು. ಸಣ್ಣದರ ಜೊತೆ ದೊಡ್ಡದು ಹೇಗೆ ಕೂಡಬೇಕು? ಕೂಡುವ ಹಾಗೆ ನಾನು ಬಿಟ್ಟಿರಲಿಲ್ಲವಲ್ಲ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ನಾನು ಹೋಗಿ ಕೂತವನೇ ತಂತಿಯ ಬರ, ಮಳೆಯ ಥಂಡಿ ಅಂತ ಏನೇನೋ ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು. ದೊಡ್ಡ ತಂಬೂರಿಯನ್ನು ನನ್ನ ಕಡೆ ವಾಲಿಸಿ ನಾಲ್ಕೂ ತಂತಿ ನಿಧಾನಕ್ಕೆ ಮೀಟಿದರು.

"ತಮ್ಮಾ, ನಿಂದು ಕಲಿತ ಕಿವಿ. ನಿನಗ ಇದು ಸರಿ ಕೇಳಸ್ತದೇನು?"

ಅವರ ದನಿಯಲ್ಲಿ ಸಂಶಯ ಇರಲಿಲ್ಲ. ನನ್ನ ಮೇಲೆ ಎಳ್ಳಷ್ಟೂ ಇರಲಿಲ್ಲ. ಉಸ್ತಾದರ ಕೈಯ ಹುಡುಗ ಘೋಡಿ ಮುಟ್ಟಿರಲಾರ ಅಂತಲೇ ಅವರ ನಂಬಿಗೆ. ನಿಜ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಯಾವಾಗ ಬರಬೇಕು? ನನ್ನ ನಾಲಿಗೆ ಹೇಳಿದ್ದು ಬೇರೆ.

"ಸರಿ ಅದರೀ ಅಕ್ಕಾರ."

ಅವರು ತಂಬೂರಿಯನ್ನು ಮೆಲ್ಲಗೆ ನೆಲಕ್ಕೆ ಮಲಗಿಸಿದರು. ಸೆರಗಿನಿಂದ ಕೈ ಒರೆಸಿಕೊಂಡರು. "ಹಂಗಾದ್ರ ನನ್ನ ಕಿವೀನ ಹೋಗ್ಯಾವ ಬಿಡು," ಅಂದರು. ಅಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸೊಸೆಗೆ, ಕಾರ್ಯದರ್ಶಿಗಳಿಗೆ ಹೇಳಿಕಳಿಸು, ಕಿವಿ ಹೋಗ್ಯಾವ, ಹಾಡೂದು ಆಗೂದಿಲ್ಲ ಅನ್ನು, ಮಂದಿ ಬಂದು ಕೂತಮ್ಯಾಲೆ ಮಾನ ಕಳಕೊಳ್ಳೂದಕ್ಕಿಂತ ಇದು ಚಲೋ ಅಂದರು. ನನಗೆ ಚಹಾ ಕುಡಿದು ಹೋಗು ಅಂದರು. ನಾನು ಕುಡಿದೆ. ಅಯ್ಯೋ ದೇವರೇ, ಕುಡಿದೆ!

ಅಲ್ಲಿಂದ ನೇರ ಕ್ಲಬ್ಬಿಗೆ ಹೋಗಬೇಕಿತ್ತು. ಕಚೇರಿಗೆ ಮುಂಚೆ ಇನ್ನೊಮ್ಮೆ ಮೇಲಿನ ಸಪ್ತಕ ನೋಡಿಕೊಂಡೆ, ಕಿವಿ ಕೆಲಸ ಮಾಡುತ್ತಿತ್ತು, ಮನಸ್ಸು ಅಲ್ಲಿರಲಿಲ್ಲ. ನಾಲ್ಕಕ್ಕೆ ಸೋಲ್ಜರುಗಳು ಬಂದು ತುಂಬಿದರು. ಕಂಕುಳಲ್ಲಿ ಕೋಲು, ತಲೆಗೆ ಪಟ್ಟಿ. ಟ್ಯೂನರ್ ಅಂತ ನನಗೆ ಪರದೆಯ ಪಕ್ಕ ನಿಲ್ಲಲು ಜಾಗ ಕೊಟ್ಟಿದ್ದರು. ಬ್ಯಾಂಡು ಶುರುವಾಯಿತು. ಜಾಝ್ ನನಗೆ ಅಷ್ಟು ತಿಳಿಯುತ್ತಿರಲಿಲ್ಲ, ಆದರೆ ಒಬ್ಬೊಬ್ಬರು ಸರದಿಯಲ್ಲಿ ಎದ್ದು ತಮಗೆ ತೋಚಿದ್ದು ಬಾರಿಸಿ ಮತ್ತೆ ಎಲ್ಲರೊಡನೆ ಕೂಡಿಕೊಳ್ಳುವುದು ನಮ್ಮವರು ತಾಳದ ಸಮಕ್ಕೆ ಬಂದು ಮುಟ್ಟಿದಂತೆಯೇ ಇತ್ತು. ಕಾಲಿಲ್ಲದವರು ಕೋಲಿನಿಂದ ನೆಲಕ್ಕೆ ತಾಳ ಹಾಕುತ್ತಿದ್ದರು.

ಅರ್ಧದಲ್ಲಿ, ಪಿಯಾನೊದವನ ಸರದಿಯಲ್ಲಿ, ಒಂದು ಸ್ವರ ಅಪಸ್ವರವಾಗಿ ಬಿತ್ತು. ಎಲ್ಲರಿಗೂ ಕೇಳಿಸಿತು. ಬ್ಯಾಂಡಿನ ಮುಖ್ಯಸ್ಥ ಟ್ರಂಪೆಟ್ ಕೆಳಗಿಳಿಸಿ ಪರದೆಯ ಕಡೆ, ನನ್ನ ಕಡೆ ಕೆಕ್ಕರಿಸಿ ನೋಡಿದ. ವಿರಾಮಕ್ಕೆ ಒಳಗೆ ಬಂದವನೇ ನನ್ನ ಮೇಲೆ ಇಂಗ್ಲಿಷಿನಲ್ಲಿ ಹಾಯ್ದ. ಹಿಂದಿನಿಂದ ಬಂದ ಪಿಯಾನೊದವನು ಅವನ ಭುಜ ಹಿಡಿದು ನಿಲ್ಲಿಸಿದ. ಪಿಯಾನೊ ಸರಿ ಇದೆ, ತಪ್ಪು ನನ್ನ ಬೆರಳಿನದು ಅಂತ ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿ, ನೀರು ಕುಡಿದು, ಏನೂ ಆಗಿಲ್ಲದವನಂತೆ ಮತ್ತೆ ಹೋಗಿ ಕೂತ. ಅಷ್ಟೇ. ಎರಡು ಮಾತಿನ ಕೆಲಸ. ಬೆಳಿಗ್ಗೆ ನನಗೆ ಆಗದ ಕೆಲಸ. ಉಳಿದ ಕಚೇರಿ ನಾನು ಕೇಳಲಿಲ್ಲ. ಅಕ್ಕಾರಿಗೆ ಹೇಳಲೇಬೇಕು ಅಂತ ಅಲ್ಲೇ ಪರದೆಯ ಪಕ್ಕದಲ್ಲಿ ಗಟ್ಟಿ ಮಾಡಿಕೊಂಡೆ. ಗಟ್ಟಿ ಮಾಡಿಕೊಂಡವನು ಆಗಲೇ ಹೋದೆನೇ? ಇಲ್ಲ. ನಾಳೆ ಬೆಳಿಗ್ಗೆ ಅಂದುಕೊಂಡೆ.

ರವಿವಾರ ಬೆಳಕು ಹರಿಯುತ್ತಲೇ ಹೊಳೆಯ ಮೇಲಿನ ಲಕಡಿ ಪೂಲು ದಾಟಿ ಅವರ ವಾಡೆಗೆ ಹೋದೆ. ಅಕ್ಕಾರು ಎದ್ದಿದ್ದರು. ಮುಖ ಊದಿತ್ತು. ನಾನು ಹೊಸಿಲಲ್ಲೇ ಕೂತು, ನೆಲ ನೋಡುತ್ತ, ಬುಧವಾರದಿಂದ ಆದದ್ದೆಲ್ಲ ಒದರಿಬಿಟ್ಟೆ. ಘೋಡಿಗೆ ಅರ ಹಚ್ಚಿದ್ದು, ಶುಕ್ರವಾರ ಮತ್ತೆ ಹಚ್ಚಿದ್ದು, ನಿನ್ನೆ ಸರಿ ಅದ ಅಂತ ಸುಳ್ಳು ಹೇಳಿದ್ದು.

ಅವರು ಒಳಗೆ ಹೋಗಿ ಸಣ್ಣ ತಂಬೂರಿ ತಂದರು. ಮೀಟಿ, ಕಣ್ಣು ಮುಚ್ಚಿ, ಮೆಲ್ಲಗೆ ಷಡ್ಜ ಹಚ್ಚಿದರು. ಗಾಳಿಯಲ್ಲಿ ಎರಡೂ ಒಂದೇ ಆದವು. ಅವರ ಕಣ್ಣಿಂದ ಆಗ ನೀರು ಬಂತು.

"ನಿನ್ನೆ ಸಂಜೀ ಮುಂದ ಅಡಿಗಿಮನ್ಯಾಗ ಕೂತು ಒಂದೊಂದ ಭಾಂಡಿ ಬಡದು ನೋಡೇನಿ," ಅಂದರು. "ತಂಬಗಿ, ಗಂಗಾಳ, ಹರಿವಾಣ. ಎಲ್ಲಾ ಮೊದಲಿನ್ಹಂಗ ಕೇಳತಿದ್ದವು. ಅದೂ ಸುಳ್ಳ ಇರಬೇಕು, ಮನಸ್ಸಿನ ಭ್ರಾಂತಿ ಇರಬೇಕು ಅಂದ್ಕೊಂಡೆ. ಯಾಕಂದ್ರ ನೀ ಸರಿ ಅದ ಅಂದಿದ್ದಿ."

ನಾನು ಅವರ ಕಾಲು ಹಿಡಿಯಲು ಹೋದೆ. ಸರಿದು ಕೂತರು. ಘೋಡಿ ಕೆಡಿಸಿದ್ದನ್ನು ಮರೆತೇನು, ನಿನ್ನೆಯ ಮಾತು ಮರೆಯಲಾರೆ ಅಂದರು. ಅಂದದ್ದು ಅಷ್ಟೇ, ಮುಂದೆ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಸ್ವಲ್ಪ ಹೊತ್ತು ತಂಬೂರಿ ಮೀಟುತ್ತ ಕೂತು, ಒಂದೇ ತಂಬೂರಿಯ ಮೇಲೆ ಹಾಡುತ್ತೇನೆ, ಕಾರ್ಯದರ್ಶಿಗೆ ಹೇಳು ಅಂದರು. ನಾನು ಎದ್ದೆ. ಅವರಿಗೆ ಎಲ್ಲವನ್ನೂ ಹೇಳುತ್ತೇನೆ ಅಂದೆ.

"ಬ್ಯಾಡ," ಅಂದರು. "ಹೇಳಿದ್ರ ನಾಳಿಂದ ಯಾರೂ ನಿನ್ನ ಕೈಯಾಗ ತಂಬೂರಿ ಕೊಡೂದಿಲ್ಲ. ಉಸ್ತಾದರ ಹೆಸರಿಗೂ ಮಸಿ. ನಂದೇನು, ಹಾಡಿದ್ರ ಮಂದಿಗೇ ತಿಳೀತದ. ಬಾಯಿ ಮುಚ್ಚಿಕೊಂಡಿರು."

ಹೇಳಲು ನಾಚಿಕೆಯಾಗುತ್ತದೆ, ಆ ಮಾತು ಕೇಳಿ ನನಗೆ ಸಂತೋಷವಾಯಿತು. ಬ್ಯಾಡ್ರೀ ಅಕ್ಕಾರ, ಹೇಳೇ ಹೇಳತೀನಿ ಅಂತ ಒಂದು ಸಲ ಬಾಯಿ ಮಾತಿಗೂ ಅನ್ನಲಿಲ್ಲ.

ವಾಚನಾಲಯಕ್ಕೆ ಓಡಿದೆ. ಬಾಗಿಲಿಗೆ ತೂಗುಹಾಕಿದ ಕರಿಹಲಗೆಯ ಮೇಲೆ ಕಾರ್ಯದರ್ಶಿಗಳು ಸೀಮೆಸುಣ್ಣದಿಂದ ಬರೆದೂ ಬಿಟ್ಟಿದ್ದರು: ಗಾಯಕಿಯವರಿಗೆ ಕಿವಿಯ ತೊಂದರೆಯಿಂದ ಇಂದಿನ ಕಾರ್ಯಕ್ರಮ ಇಲ್ಲ. ಶನಿವಾರ ಸಂಜೆಯೇ ಮನೆಮನೆಗೆ ಹೇಳಿಕಳಿಸಿದ್ದರಂತೆ. ಹಾಡುತ್ತಾರಂತೆ ಅಂದಾಗ ಅವರು ಹಲಗೆ ಒರೆಸಿದರು, ಸಿಕ್ಕವರನ್ನು ಕರೆತಂದರು. ಆದರೂ ಮಾಳಿಗೆಯ ಜಮಖಾನೆ ಅರ್ಧ ಬರಿದಾಗಿತ್ತು. ಒಂದೇ ತಂಬೂರಿ ಯಾಕ್ರಿ ಅಂತ ಅವರು ಕೇಳಿದ್ದಕ್ಕೆ ಅಕ್ಕಾರು, ಒಂದ ಸಾಕು, ಕಿವಿಯಾಗ ಸ್ವಲ್ಪ ಗುಂಯ್ ಅಂತಿತ್ತು, ಈಗ ಆರಾಮ ಅದ ಅಂದರು. ನನ್ನ ಕಡೆ ನೋಡಲಿಲ್ಲ. ನೀ ಬಂದು ಹಿಂದ ಕೂಡು ಅಂತ ಮಾತ್ರ ಹೇಳಿದರು.

ಹೀಗೆ ನಾನೇ ಅವರ ಬೆನ್ನ ಹಿಂದೆ ಸಣ್ಣ ತಂಬೂರಿ ಹಿಡಿದು ಕೂತೆ. ಅಕ್ಕಾರು ತೋಡಿ ಹಾಡಿದರು. ತೋಡಿಯ ಗಾಂಧಾರ ಇಳಿಸುವುದು ಎಲ್ಲರ ಕೈಲೂ ಆಗುವಂಥದ್ದಲ್ಲ, ಒಂದು ಎಳೆ ಆಚೀಚೆ ಆದರೆ ರಾಗ ಕಳೆಯಿತು. ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದ ಕಂಠ, ಮೇಲಿನ ಷಡ್ಜದಲ್ಲಿ ಸ್ವಲ್ಪ ಸೀಳಿತು ಕೂಡ. ಆದರೆ ಆ ಗಾಂಧಾರ ಒಂದು ಸಲವೂ ತಪ್ಪಲಿಲ್ಲ. ತಂಬೂರಿ ನನ್ನ ಕಿವಿಗೇ ಆತುಕೊಂಡಿತ್ತು, ನನಗಿಂತ ಚೆನ್ನಾಗಿ ಅದನ್ನು ಕೇಳಿದವರು ಆ ಮಾಳಿಗೆಯಲ್ಲಿ ಯಾರೂ ಇರಲಿಲ್ಲ.

ಅವರ ಬೆನ್ನ ಹಿಂದಿನಿಂದ ಮಂದಿಯ ಮುಖಗಳೂ ಕಾಣುತ್ತಿದ್ದವು. ಅವರು ಹಾಡು ಕೇಳುತ್ತಿರಲಿಲ್ಲ, ಕಿವಿ ಕೆಟ್ಟವರು ಹೇಗೆ ಹಾಡುತ್ತಾರೆ ಅಂತ ನೋಡುತ್ತಿದ್ದರು. ಕಂಠ ಸೀಳಿದಾಗ ಮುಂದಿನ ಸಾಲಿನ ಒಬ್ಬ ಹಿರಿಯರು ಪಕ್ಕದವರ ಕಡೆ ತಿರುಗಿ, ತಮ್ಮ ಕಿವಿ ಮುಟ್ಟಿ ತೋರಿಸಿ, ಪಾಪ ಅನ್ನುವಂತೆ ತಲೆ ಆಡಿಸಿದರು. ಅಕ್ಕಾರು ಅದನ್ನು ನೋಡಿದರು. ನೋಡಿಯೂ ಹಾಡಿದರು. ಮಂದಿಗೇ ತಿಳೀತದ ಅಂದಿದ್ದರಲ್ಲ, ಮಂದಿಗೆ ತಿಳಿಯಲಿಲ್ಲ. ನಾನು ತಂಬೂರಿ ಮೀಟುತ್ತ ಕೂತಿದ್ದೆ.

ಆಮೇಲೆ ಘೋಡಿ ಮಾಡಿಸಲು ಮಿರಜಿಗೆ ಹೋದೆ. ಉಸ್ತಾದರು ಅಷ್ಟರಲ್ಲಿ ತೀರಿಕೊಂಡಿದ್ದರು, ಅವರ ಮಗ ಹೊಸದು ಮಾಡಿಕೊಟ್ಟ. ಒಳ್ಳೆಯ ಘೋಡಿಯೇ. ಅಕ್ಕಾರು ಕೂಡಿಸಿಕೊಂಡು, ಒಮ್ಮೆ ಮೀಟಿ, ಚಲೋ ಅದ ಅಂದರು. ತಂಬೂರಿ ಮತ್ತೆ ಗೋಡೆಗೆ ಹೋಯಿತು. ದೀಪಾವಳಿಯ ಕಾರ್ಯಕ್ರಮಕ್ಕೆ ಯಾರನ್ನು ಕರೆಯೋಣ ಅಂತ ಕಾರ್ಯದರ್ಶಿಗಳು ಮಂಡಳಿಯ ಇಬ್ಬರೊಡನೆ ನಮ್ಮ ಅಂಗಡಿಯಲ್ಲೇ ಕೂತು ಮಾತಾಡಿದರು. ಒಬ್ಬರು ಅಕ್ಕಾರ ಹೆಸರು ತೆಗೆದರು. ಬ್ಯಾಡ್ರಿ, ಕಿವಿ ಕೇಳೂದಿಲ್ಲ ಅವರಿಗೆ, ಮತ್ತ ಯಾಕ ತ್ರಾಸ ಕೊಡೂದು ಅಂದರು ಕಾರ್ಯದರ್ಶಿಗಳು. ಪಾಪ, ಕಳಕಳಿಯಿಂದಲೇ ಅಂದರು. ನಾನು ಎರಡು ಮಾರು ದೂರದಲ್ಲಿ ಒಂದು ಹಾರ್ಮೋನಿಯಂ ಬಿಚ್ಚಿಕೊಂಡು ಕೂತಿದ್ದೆ. ಬಾಯಿ ತೆರೆಯಲಿಲ್ಲ. ಅಕ್ಕಾರೇ ಬ್ಯಾಡ ಅಂದಾರಲ್ಲ ಅಂತ ಒಳಗೊಳಗೇ ಅಂದುಕೊಂಡೆ. ಘೋಡಿ ಮುಟ್ಟಬ್ಯಾಡ ಅಂದಾಗ ಮೀರಿದವನಿಗೆ ಈ ಮಾತು ಮಾತ್ರ ಶಾಸ್ತ್ರವಾಯಿತು ನೋಡಿರಿ.

ಮತ್ತೆ ಯಾರೂ ಅವರನ್ನು ಕರೆಯಲಿಲ್ಲ. ಮುಂದಿನ ವರ್ಷ ಅವರು ಧಾರವಾಡಕ್ಕೆ ಹೊರಟುಹೋದರು. ಸ್ವಾತಂತ್ರ್ಯ ಬಂದ ವರ್ಷ ಅವರು ತೀರಿಕೊಂಡ ಸುದ್ದಿ ತಂದವರೂ ಕಾರ್ಯದರ್ಶಿಗಳೇ. ಅಂಗಡಿಯ ಬಾಕಿನ ಮೇಲೆ ಕೂತು ಟೊಪಿಗೆ ತೆಗೆದು, ಎಂಥಾ ಗಾಯನ, ಕಡೀಕಡೀಗೆ ಕಿವಿ ಹೋಗಿ ಎಲ್ಲಾ ಹೋತು ಅಂದರು. ನಾನೇನು ಅಂದೆ? "ಹೌದ್ರಿ" ಅಂದೆ.

ಆ ಹೌದು ಸುಳ್ಳು. ಅವತ್ತು ಆ ಜಮಖಾನೆಯ ಮೇಲೆ ಕೂತಿದ್ದವರಲ್ಲಿ ಯಾರಾದರೂ ಇನ್ನೂ ಇದ್ದು ಇದನ್ನು ಓದುತ್ತಿದ್ದರೆ, ಅವರಿಗೆ ಹೇಳುತ್ತಿದ್ದೇನೆ. ದೊಡ್ಡ ತಂಬೂರಿ ಕೆಡಿಸಿದವನು ನಾನು. ಅಕ್ಕಾರ ಕಿವಿ ಸರಿ ಇದ್ದವು.